ಫಿಟ್ಸ್ 5 ನಿಮಿಷ ದಾಟಿದರೆ: ಪೋಷಕರಿಗೆ ಪತ್ರ

ಉಡುಪಿ
ಜೂನ್ ತಿಂಗಳು

ಆತ್ಮೀಯ ಪೋಷಕರಿಗೆ ನಮಸ್ಕಾರ.

ಈ ಪತ್ರದ ಜೊತೆ ಒಂದು ಹಾಳೆ ಇದೆ. ನಿಮ್ಮ ಮಗುವಿಗೆ ಯಾವಾಗಲಾದರೂ ಫಿಟ್ಸ್ ಬಂದಿದೆಯೇ ಎಂದು ಅದರಲ್ಲಿ ಕೇಳಿದ್ದೇವೆ. ದಯವಿಟ್ಟು ಮುಚ್ಚಿಡಬೇಡಿ. ಬೇರೆ ಮಕ್ಕಳು ಆಡಿಕೊಂಡಾರು, ಹೆಣ್ಣುಮಗುವಾದರೆ ನಾಳೆ ಮದುವೆಗೆ ತೊಡಕಾದೀತು ಎಂಬ ಅಂಜಿಕೆ ನನಗೆ ಗೊತ್ತು. ಮದುವೆಗೆ ಅಡ್ಡಿ ಎಂದು ಹಿಂದೂ ವಿವಾಹ ಕಾಯ್ದೆಯಲ್ಲಿದ್ದ ಈ ಕಾಯಿಲೆಯ (ಮೂರ್ಛೆರೋಗ) ಹೆಸರನ್ನು 1999ರಲ್ಲೇ ತೆಗೆದಾಗಿದೆ. ನಮ್ಮ ಊರುಗಳಲ್ಲಿ ಮಾತ್ರ ಆ ಅಂಜಿಕೆ ಇನ್ನೂ ಹೋಗಿಲ್ಲ. ಹಾಳೆಯನ್ನು ಕ್ಲಾಸ್ ಟೀಚರ್, ಪಿ.ಟಿ. ಮಾಸ್ಟ್ರು ಮತ್ತು ನಾನು ಬಿಟ್ಟು ಬೇರೆ ಯಾರೂ ನೋಡುವುದಿಲ್ಲ.

ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತದೆ. ಮಗು ಸ್ವಲ್ಪ ಹೊತ್ತು ಮಂಕಾಗಿದ್ದು, ನಿದ್ದೆ ಮಾಡಿ ಏಳುತ್ತದೆ. ಆದರೆ ಕೈಕಾಲು ಸೆಟೆದು ನಡುಗುವುದು 5 ನಿಮಿಷ ದಾಟಿತು ಅಂದರೆ ತಾನಾಗಿ ನಿಲ್ಲುವ ಸಾಧ್ಯತೆ ಕಡಿಮೆ. ಒಂದು ಸಲ ನಿಂತು, ಎಚ್ಚರವಾಗುವ ಮೊದಲೇ ಇನ್ನೊಂದು ಸಲ ಬಂದರೂ ಅದೇ ಲೆಕ್ಕ. ಡಾಕ್ಟರುಗಳು ಇದಕ್ಕೆ ಸ್ಟೇಟಸ್ ಎಪಿಲೆಪ್ಟಿಕಸ್ ಅನ್ನುತ್ತಾರೆ. ಅರ್ಧ ಗಂಟೆ ಮೀರಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು, ಜೀವಕ್ಕೂ ಅಪಾಯ.

ತಡ ಮಾಡಿದರೆ ಔಷಧಿಯೂ ಸರಿಯಾಗಿ ಕೇಳುವುದಿಲ್ಲ. ಮಿದುಳಿನ ಕೋಶಗಳು ಮಿತಿಮೀರಿ ಕೆರಳದಂತೆ ತಡೆಯಲು ಅದರಲ್ಲೇ ಒಂದು ಬ್ರೇಕ್ ಇದೆ. ಮಿಡಾಜೋಲಾಮ್‌ನಂಥ ಔಷಧಿ ಆ ಬ್ರೇಕನ್ನು ಇನ್ನಷ್ಟು ಒತ್ತುತ್ತದೆ. ಫಿಟ್ಸ್ ಎಳೆದಷ್ಟೂ ಆ ಔಷಧಿ ಅಂಟಿಕೊಳ್ಳಬೇಕಾದ ಜಾಗಗಳು ಕೋಶದ ಹೊರಮೈ ಬಿಟ್ಟು ಒಳಗೆ ಸರಿಯುತ್ತವೆ. ಹತ್ತನೇ ನಿಮಿಷಕ್ಕೆ ನಿಲ್ಲಬಹುದಾಗಿದ್ದ ಫಿಟ್ಸ್ ಒಂದು ಗಂಟೆಯ ಮೇಲೆ ಅದೇ ಔಷಧಿಗೆ ಬಗ್ಗದೆ ಹೋಗಬಹುದು.

ಶಾಲೆಯಲ್ಲಿ ಫಿಟ್ಸ್ ಬಂದರೆ ನಾವು ಮೊದಲು ಗಡಿಯಾರ ನೋಡುತ್ತೇವೆ. ಮಗುವನ್ನು ಮಗ್ಗುಲಾಗಿ ಮಲಗಿಸಿ, ತಲೆಯಡಿಗೆ ಮೆತ್ತಗಿನದೇನಾದರೂ ಇಡುತ್ತೇವೆ. ಅದುಮಿ ಹಿಡಿಯುವುದಿಲ್ಲ. ಬಾಯಿಗೆ ಚಮಚ, ನೀರು ಹಾಕುವುದಿಲ್ಲ. ಕೈಗೆ ಕಬ್ಬಿಣ ಕೊಡುವುದು, ಚಪ್ಪಲಿ ಮೂಸಿಸುವುದು ಇಲ್ಲವೇ ಇಲ್ಲ. "ಕೀ ಗೊಂಚಲು ಕೊಟ್ಟ ಕೂಡಲೇ ನಿಂತಿತು" ಅನ್ನುವವರು ಇದ್ದಾರೆ. ಕೀ ಹುಡುಕಿ ತರುವಷ್ಟರಲ್ಲಿ ಅದು ಹೇಗೂ ನಿಲ್ಲುವ ಹೊತ್ತಾಗಿರುತ್ತದೆ, ಅಲ್ವಾ?

5 ನಿಮಿಷವಾದರೆ 108ಕ್ಕೆ ಕರೆ ಮಾಡುತ್ತೇವೆ. ಡಾಕ್ಟರ ಚೀಟಿ ಇರುವ ಮಗುವಿಗೆ ಮಿಡಾಜೋಲಾಮ್‌ನ ಮೂಗಿನ ಸ್ಪ್ರೇ ಹಾಕುತ್ತೇವೆ. ನಿಮಗೂ ಫೋನ್ ಬರುತ್ತದೆ, ಆದರೆ ನಿಮ್ಮ ಒಪ್ಪಿಗೆಗೆ ಕಾಯುವುದಿಲ್ಲ. ಮೊದಲ ಬಾರಿ ಬಂದ ಫಿಟ್ಸ್, ತಲೆಗೆ ಪೆಟ್ಟು, ಉಸಿರಾಟದ ತೊಂದರೆ ಇದ್ದರೆ 5 ನಿಮಿಷವೂ ಕಾಯುವುದಿಲ್ಲ. ಅಜ್ಜರಕಾಡಿನ ಜಿಲ್ಲಾಸ್ಪತ್ರೆಯೋ ಮಣಿಪಾಲವೋ ಎಂಬ ಚರ್ಚೆ ಮನೆಯಲ್ಲಿ ಈಗಲೇ ಮುಗಿಸಿ, ಹಾಳೆಯಲ್ಲಿ ಬರೆದುಬಿಡಿ.

ಸ್ಪ್ರೇ ಪ್ರಮಾಣ ಮಗುವಿನ ತೂಕದ ಮೇಲೆ ಹೋಗುತ್ತದೆ. ಹಾಗಾಗಿ ಕಳೆದ ವರ್ಷದ ಚೀಟಿ ನಡೆಯುವುದಿಲ್ಲ. ಹೊಸತು ಬರೆಸಿ ತನ್ನಿ. ಬಾಟಲಿಯ ಎಕ್ಸ್‌ಪೈರಿ ದಿನಾಂಕವನ್ನೂ ನೋಡಿ.

ದಿನದ ಮಾತ್ರೆ ಮಾತ್ರ ತಪ್ಪಿಸಲೇಬೇಡಿ. "ಈಗ ಚೆನ್ನಾಗಿದ್ದಾನೆ" ಅಂತ ನೀವೇ ನಿಲ್ಲಿಸಿದರೆ ಇಂಥ ದೀರ್ಘ ಫಿಟ್ಸ್ ಬರುವ ಅಪಾಯ ಜಾಸ್ತಿ. ನಿದ್ದೆಗೆಡುವುದೂ ಕೆಲವರಿಗೆ ಆಗುವುದಿಲ್ಲ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿಸಿ ಬೆಳಿಗ್ಗೆ ನೇರ ಶಾಲೆಗೆ ಕಳಿಸಬೇಡಿ. ಆಟ ಬೇಡ ಅನ್ನುವುದಿಲ್ಲ, ನನಗೂ ಇಷ್ಟವೇ. ಅರ್ಧ ರಾತ್ರಿಗೆ ಕರೆದುಕೊಂಡು ಬನ್ನಿ. ಮಲ್ಪೆ ಕಡಲಿಗೋ ಕೆರೆಗೋ ಇಳಿಯುವಾಗ ಪಕ್ಕದಲ್ಲೇ ದೊಡ್ಡವರೊಬ್ಬರು ಇರಲಿ.

ಎಲ್ಲ ಫಿಟ್ಸ್‌ನಲ್ಲೂ ಮೈ ನಡುಗುವುದಿಲ್ಲ. ಮಗು ಆಗಾಗ ಕೆಲವು ಕ್ಷಣ ಸುಮ್ನೆ ದಿಟ್ಟಿಸುತ್ತಾ, ಕರೆದರೂ ಓಗೊಡದೆ ಇದ್ದರೆ ಅದನ್ನೂ ಬರೆಯಿರಿ, ಡಾಕ್ಟರಿಗೂ ತೋರಿಸಿ.

ಹಾಳೆಯನ್ನು ಶನಿವಾರದೊಳಗೆ ಕ್ಲಾಸ್ ಟೀಚರ್ ಕೈಗೆ ಕೊಡಿ. ಬರೆದು ಕೊಡಲು ಮನಸ್ಸಿಲ್ಲದವರು ಸಂಜೆ ಶಾಲೆ ಬಿಟ್ಟ ಮೇಲೆ ನನ್ನ ಕೋಣೆಗೆ ಬಂದು ಹೇಳಬಹುದು.

ಇಂತಿ,
ಮುಖ್ಯೋಪಾಧ್ಯಾಯಿನಿ