12 ಹೂಹಲಗೆಗಳು ಮತ್ತೆ ಕಿಟಕಿಯ ಮೇಲೆ: ಕೈಜೋಡಿಸಿದ ಎಲ್ಲರಿಗೂ ವಂದನೆ

ಮಲೇಷ್ಯಾದ ತೆರೆಂಗಾನುವಿನಲ್ಲಿ ನಾವು ದುರಸ್ತಿಗೆ ಹಿಡಿದಿದ್ದ ಹಳೇ ಮಲಯ ಮನೆಯ 12 ಹೂಹಲಗೆಗಳೂ ಈ ವಾರ ತಮ್ಮ ತಮ್ಮ ಕಿಟಕಿಯ ನೆತ್ತಿ ಸೇರಿದವು. ಹೂಬಳ್ಳಿ ಕೆತ್ತಿ, ನಡುವಿನ ಜಾಗವನ್ನೆಲ್ಲ ಆಚೆ ಕಾಣುವಂತೆ ಕೊರೆದು ತೆಗೆದ ಇವನ್ನು ಅಲ್ಲಿಯವರು 'ಲುಬಾಂಗ್ ಆಂಗಿನ್', ಅಂದರೆ ಗಾಳಿತೂತು ಅನ್ನುತ್ತಾರೆ. ಕಿಟಕಿ ಮುಚ್ಚಿದರೂ ಒಳಗಿನ ಬಿಸಿಗಾಳಿ ಇವುಗಳಿಂದ ಹೊರಗೆ ಹೋಗುತ್ತದೆ.

ಮೊದಲ ವಂದನೆ ಮನೆಯವರಿಗೆ. ಮುರಿದು ಬಿದ್ದ ಎಸಳು, ದಂಟುಗಳನ್ನೆಲ್ಲ ಅಕ್ಕಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಟ್ಟಿದ್ದರು. ಅದಿಲ್ಲದಿದ್ದರೆ ಮೂರು ಹಲಗೆಗಳ ವಿನ್ಯಾಸವನ್ನು ಊಹೆಯಿಂದ ಬರೆಯಬೇಕಾಗುತ್ತಿತ್ತು.

ನಕ್ಷೆ ತಿದ್ದಿಕೊಟ್ಟ ಹಿರಿಯ ಕೆತ್ತನೆಗಾರರಿಗೆ ಎಷ್ಟು ವಂದಿಸಿದರೂ ಸಾಲದು. ಮಲಯ ಕೆತ್ತನೆಯಲ್ಲಿ ಬಳ್ಳಿ ಹುಟ್ಟುವ ಜಾಗಕ್ಕೆ 'ಪುಂಚ' ಎಂದು ಹೆಸರು. ಎಷ್ಟೋ ಸಲ ಅದು ಎಲೆಯ ಮರೆಯಲ್ಲಿ ಅಡಗಿರುತ್ತದೆ. ಅಲ್ಲಿಂದ ಹೊರಟ ದಂಟು ಪಕ್ಕದ ಎಲೆಯನ್ನು ತಿವಿಯದೆ ಸುತ್ತಬೇಕು, ಕುಡಿ ಕೊನೆಯಲ್ಲಿ ಒಳಕ್ಕೇ ಬಾಗಬೇಕು. ನಮ್ಮ ನಕ್ಷೆಯಲ್ಲಿ ಚೌಕಟ್ಟಿನ ಕಡೆಗೆ ಚಾಚಿಕೊಂಡಿದ್ದ ಕುಡಿಗಳನ್ನೆಲ್ಲ ಅವರು ಅಳಿಸಿ ಹಿಂದಕ್ಕೆ ತಿರುಗಿಸಿದರು. ಐದು ಹಲಗೆಗಳಲ್ಲಿದ್ದದ್ದು 'ಬುಂಗ ತಾಂಜುಂಗ್'. ನಮ್ಮೂರಿನ ರಂಜದ ಹೂವೇ ಅದು.

ಬಿಚ್ಚಿದ ಮನೆಯೊಂದರ ಹಳೇ ಚೆಂಗಾಲ್ ಮರವನ್ನು ಹುಡುಕಿಕೊಟ್ಟ ಮರದ ಅಡ್ಡೆಯವರಿಗೂ ಕೃತಜ್ಞತೆ. ಚೆಂಗಾಲ್ ಗೆದ್ದಲಿಗೆ ಜಗ್ಗದ ಗಟ್ಟಿಮರ, ಆದರೆ ಹಸಿಯಾದದ್ದು ಒಣಗಲು ಬಹಳ ಕಾಲ ಬೇಕು. ಅರೆಬರೆ ಒಣಗಿದ್ದನ್ನು ಕೊರೆದರೆ ತೆಳು ದಂಟಿನಲ್ಲೇ ಮೊದಲ ಸೀಳು ಬೀಳುತ್ತದೆ.

ಇನ್ನು ಕೊರೆದವರಿಗೆ. ನಕ್ಷೆಯ ಕಾಗದ ಅಂಟಿಸಿ, ತೆಗೆಯಬೇಕಾದ ಪ್ರತಿ ಜಾಗಕ್ಕೂ ಬೈರಿಗೆಯಲ್ಲಿ ತೂತು ಹಾಕಿ, ತಂತಿಯಂಥ ಗರಗಸ ತೂರಿಸಿ, ಗೆರೆಯ ಹೊರಗೆ ಕೂದಲೆಳೆಯಷ್ಟು ಬಿಟ್ಟು ಕೊಯ್ದರು. ಆ ಎಳೆಯನ್ನು ಆಮೇಲೆ ಉಳಿಯಿಂದಲೇ ತೆಗೆಯಬೇಕು. ಗರಗಸ ಗೆರೆ ದಾಟಿದರೆ ಸರಿಪಡಿಸುವ ದಾರಿಯಿಲ್ಲ. ಎಲೆಯ ಒಂದು ಅಂಚನ್ನು ಎತ್ತರಕ್ಕೆ ಬಿಟ್ಟು ಇನ್ನೊಂದನ್ನು ಇಳಿಜಾರಾಗಿ ಕೆತ್ತಿದಾಗ ಒಂದಿಂಚು ದಪ್ಪದ ಹಲಗೆಯಲ್ಲೂ ಎಲೆ ಮಗುಚಿಕೊಂಡಂತೆ ಕಾಣುತ್ತದೆ. ಈ ಕೆಲಸಕ್ಕೆ ಬೇಕಾದದ್ದು ಉಗುರಿನಂತೆ ಬಾಯಿ ಬಾಗಿದ ಉಳಿ, 'ಪಹಾತ್ ಕುಕು'. ಚೆಂಗಾಲ್ ಅದರ ಮೊನೆಯನ್ನು ಬೇಗ ತಿನ್ನುತ್ತದೆ. ದಿನವಿಡೀ ಸಾಣೆ ಹಿಡಿದು ಕೂತ ಇಬ್ಬರು ಹುಡುಗರ ಶ್ರಮ ಮೇಲೆ ಕಾಣುವುದಿಲ್ಲ, ಆದರೆ ಅದು ಪ್ರತಿ ಎಸಳಿನಲ್ಲೂ ಇದೆ.

ಏಳನೇ ಹಲಗೆಯ ನೆಟ್ಟಗಿನ ದಂಟು ಎರಡು ಸಲ ಮುರಿಯಿತು. ಹಲಗೆಯ ನಾರು ಅಡ್ಡಕ್ಕೆ ಓಡುತ್ತದೆ. ಹಾಗಾಗಿ ನೆಟ್ಟಗೆ ನಿಂತ ದಂಟಿನಲ್ಲಿ ಉಳಿಯುವುದು ಬರೀ ತುಂಡುನಾರು, ಕೊಡತಿಯ ಸಣ್ಣ ಪೆಟ್ಟೂ ಸಾಕು. ಹಳೇ ಹಲಗೆಯನ್ನು ಹತ್ತಿರದಿಂದ ನೋಡಿದರೆ ಅಂಥ ಪ್ರತಿ ದಂಟಿಗೂ ಪಕ್ಕದ ಎಲೆಯೊಂದರ ಬೆನ್ನು ಮೆಲ್ಲಗೆ ತಾಗಿಕೊಂಡಿದೆ. ನಾವು ಅಲಂಕಾರವೆಂದುಕೊಂಡ ಆ ಎಲೆಯೇ ಊರುಗೋಲು! ಅದನ್ನು ತೋರಿಸಿಕೊಟ್ಟವರು ಊರಿನ ಬಡಗಿ. ಮೂರನೇ ಸಲ ಎಲೆಯನ್ನು ತಾಗಿಸಿಯೇ ಕೆತ್ತಿದೆವು, ದಂಟು ನಿಂತಿತು.

ಹಿಂದೊಮ್ಮೆ ಯಾರೋ ಈ ಹಲಗೆಗಳನ್ನು ಚೌಕಟ್ಟಿಗೆ ಕಬ್ಬಿಣದ ಮೊಳೆ ಹೊಡೆದು ಬಿಗಿದಿದ್ದರು. ಮಳೆಗಾಲದಲ್ಲಿ ಮರ ಉಬ್ಬಲು ಜಾಗವಿಲ್ಲದೆ ಸೀಳಿತ್ತು, ಕಡಲಗಾಳಿಗೆ ಮೊಳೆಯೂ ತುಕ್ಕು ಹಿಡಿದಿತ್ತು. ಅದೇ ಬಡಗಿ ಮೊಳೆಗಳ ಸುತ್ತ ಸಣ್ಣಗೆ ಕೊರೆದು, ಹೂವಿಗೆ ಏಟಾಗದಂತೆ ಒಂದೊಂದಾಗಿ ಕಿತ್ತರು. ಈಗ ಹಲಗೆಗಳು ಚೌಕಟ್ಟಿನಲ್ಲಿ ಕೊರೆದ ತೋಡಿನಲ್ಲಿ ಸಡಿಲವಾಗಿ ಕೂತಿವೆ. ಅಂಟಿಲ್ಲ, ಮೊಳೆಯಿಲ್ಲ.

ಎಸಳುಗಳ ಸಂದಿನಲ್ಲಿ ಗಟ್ಟಿಗಟ್ಟಿದ್ದ ವಾರ್ನಿಷನ್ನು ಬಿದಿರುಕಡ್ಡಿಯಿಂದ ಕೆರೆದು ತೆಗೆದ ನೆರೆಮನೆಯ ಅಕ್ಕಂದಿರಿಗೆ ವಿಶೇಷ ವಂದನೆ. ತಂತಿಬ್ರಷ್ ಹಿಡಿದಿದ್ದರೆ ಕೆಲಸ ಒಂದೇ ದಿನಕ್ಕೆ ಮುಗಿಯುತ್ತಿತ್ತು, ಜೊತೆಗೆ ಹಳೇ ಕೆತ್ತನೆಗಾರನ ಉಳಿಯ ಗುರುತುಗಳೂ ಹೋಗುತ್ತಿದ್ದವು.

ನವೆಂಬರಿನಿಂದ ಈಶಾನ್ಯದ ಮಳೆ ಶುರುವಾಗುತ್ತದೆ. ಅದು ಮುಗಿದ ಮೇಲೆ ತೋಡಿನಲ್ಲಿ ಸಂದು ಎಷ್ಟು ಉಳಿದಿದೆಯೆಂದು ಅಳೆದು ತಿಳಿಸುವುದಾಗಿ ಮನೆಯ ಹಿರಿಮಗಳು ಒಪ್ಪಿಕೊಂಡಿದ್ದಾರೆ. ಅವರಿಗೆ ಮುಂಚಿತವಾಗಿಯೇ ಧನ್ಯವಾದ.