ಪಟ್ಟಿ ಬದಿಗಿಡು, ಗಡಿಯಾರ ನೋಡು: ಹುಬ್ಬಳ್ಳಿಯ ಗೆಳೆಯನಿಗೆ ಮುಂಬೈಯಿಂದ ಪತ್ರ

ಡೊಂಬಿವಲಿ

ಪ್ರಿಯ ಗೆಳೆಯಾ,

ನಿನ್ನ ಪಟ್ಟಿ ತಲುಪಿತು. ಡಿಸೆಂಬರಿನಿಂದ ಫೆಬ್ರುವರಿವರೆಗೆ ಬ್ಯಾಂಕಿನ ಕೆಲಸದ ಮೇಲೆ ಮುಂಬೈಯಲ್ಲಿರುತ್ತೇನೆ, ಇವರ ಗಾಯನ ಎಲ್ಲೆಲ್ಲಿದೆ ವಿಚಾರಿಸಿ ಟಿಕೆಟ್ ತೆಗೆಸಿಡು ಎಂದು ಒಂಬತ್ತು ಹೆಸರು ಬರೆದಿದ್ದೀಯ. ಒಂಬತ್ತೂ ಹಿಂದೂಸ್ತಾನಿ ಖ್ಯಾಲ್ ಹಾಡುವವರದ್ದೇ. ಅವರಲ್ಲಿ ಅರ್ಧ ಜನ ಹುಬ್ಬಳ್ಳಿ–ಧಾರವಾಡಕ್ಕೆ ಬಂದೇ ಬರುತ್ತಾರೆ, ನೀನು ಮುಂದಿನ ಸಾಲಿನಲ್ಲಿ ಕುಳಿತು ಕೇಳಿಯೇ ಕೇಳುತ್ತೀಯ. ಮತ್ತೆ ಅವರನ್ನೇ ಕೇಳುವುದಕ್ಕೆ ಮುಂಬೈ ಏಕೆ ಬೇಕು? ನಿನ್ನ ಊರಿನಲ್ಲಿ ಸಿಗದಿರುವುದನ್ನು ಕೇಳಿಕೊಂಡು ಹೋಗು. ಆ ಪಟ್ಟಿಯನ್ನು ಮಡಿಸಿ ಇಟ್ಟಿದ್ದೇನೆ, ಹರಿದಿಲ್ಲ, ಹೆದರಬೇಡ.

ಮೊದಲು ಇಲ್ಲಿನ ಗಡಿಯಾರದ ವಿಷಯ. ನಮ್ಮ ಹಿರಿಯರು ಪ್ರತಿ ರಾಗಕ್ಕೂ ಒಂದು ವೇಳೆ ಗೊತ್ತುಮಾಡಿ ಹೋದರು. ಈ ಊರಿನಲ್ಲಿ ವೇಳೆ ಗೊತ್ತುಮಾಡುವವರು ಬೇರೆಯೇ ಇದ್ದಾರೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬ, ಉತ್ಸವಗಳಿಗೆಂದು ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ಮಧ್ಯರಾತ್ರಿಯವರೆಗೆ ಮಾತ್ರ, ಸಡಿಲಿಕೆ ಕೊಡಬಹುದು. ಮುಚ್ಚಿದ ಸಭಾಂಗಣಕ್ಕೆ ಈ ಕಟ್ಟು ಇಲ್ಲ. ಆದರೆ ಅಲ್ಲಿ ಕಾನೂನಿನ ಕೆಲಸವನ್ನು ಲೋಕಲ್ ಗಾಡಿಯೇ ಮಾಡುತ್ತದೆ. ಒಂಬತ್ತೂವರೆ ಆಯಿತೆಂದರೆ ಬದ್ಲಾಪುರ, ವಿರಾರ್ ಕಡೆಯವರು ಕತ್ತಲಲ್ಲೇ ಚಪ್ಪಲಿ ತಡಕಾಡತೊಡಗುತ್ತಾರೆ. ವೇದಿಕೆಯ ಮೇಲಿರುವವರಿಗೂ ಅದು ಕಾಣುತ್ತದೆ. ಹೀಗಾಗಿ ಸಂಜೆಯ ಯಮನ್, ಮಾರವಾ ಧಾರಾಳವಾಗಿ ಸಿಗುತ್ತವೆ, ಬಾಗೇಶ್ರೀಯೂ ಸಿಗುತ್ತದೆ. ನಡುರಾತ್ರಿಯ ದರ್ಬಾರಿ, ಮಾಲಕಂಸಗಳನ್ನು ಅವುಗಳ ಹೊತ್ತಿನಲ್ಲಿ ಕೇಳುವ ಆಸೆ ಇಟ್ಟುಕೊಳ್ಳಬೇಡ. ಅಹೋರಾತ್ರಿ ಬೈಠಕ್‌ಗಳಲ್ಲಿ ಬೆಳೆದವನು ನೀನು, ಇದು ಮೊದಮೊದಲು ಕಿರಿಕಿರಿ ಮಾಡುತ್ತದೆ.

ಖ್ಯಾಲ್ ಬಿಟ್ಟು ಇರಲಾರೆ ಎಂದರೆ ಒಂದೇ ಒಂದು ಉತ್ಸವಕ್ಕೆ ಒಪ್ಪಿಗೆ ಕೊಡುತ್ತೇನೆ, ಅದೂ ಮುಂಬೈಯದಲ್ಲ. ಡಿಸೆಂಬರಿನಲ್ಲಿ ಪುಣೆಯ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ. ಸವಾಯಿ ಗಂಧರ್ವರೆಂದೇ ಹೆಸರಾದ ಕುಂದಗೋಳದ ರಾಮಭಾವು 1952ರಲ್ಲಿ ಪುಣೆಯಲ್ಲೇ ತೀರಿಕೊಂಡರು. ಮರುವರ್ಷ ರೋಣದ ಶಿಷ್ಯ ಭೀಮಸೇನ ಜೋಶಿ ಗುರುವಿನ ಹೆಸರಿನಲ್ಲಿ ಶುರುಮಾಡಿದ್ದು ಇದು. ಧಾರವಾಡದ ನೆಲದ ಗುರುಶಿಷ್ಯರಿಬ್ಬರ ಹೆಸರಿನಲ್ಲಿ ಪುಣೆಯ ಜನ ಐದು ದಿನ ಜಮಖಾನೆಯ ಮೇಲೆ ಕಾಲು ಮಡಿಸಿ ಕೂರುತ್ತಾರೆ. ನಾವು ಕುಂದಗೋಳದ ಹೆಸರು ಹೇಳಿ ಬೀಗುತ್ತೇವೆ, ಅವರು ಟಿಕೆಟ್ ಕೊಂಡು ಬರುತ್ತಾರೆ. ಹಿಂದೆ ಇದು ರಾತ್ರಿಯಿಡೀ ನಡೆದು, ಕೊನೆಯ ಬೆಳಗಿನಲ್ಲಿ ಭೀಮಸೇನ ಜೋಶಿಯವರ ಗಾಯನದಿಂದ ಮುಗಿಯುತ್ತಿತ್ತು. ಈಗ ಮುಕುಂದನಗರದ ಮೈದಾನದಲ್ಲಿ ಹತ್ತು ಗಂಟೆಗೆ ಪರದೆ. ಶನಿವಾರ ಮಾತ್ರ ಸಡಿಲಿಕೆ ಪಡೆದು ಮಧ್ಯರಾತ್ರಿಯವರೆಗೆ ಎಳೆಯುವುದು ವಾಡಿಕೆ. ಆದ್ದರಿಂದ ಶನಿವಾರವೇ ಹೋಗೋಣ. ಬೆಳಿಗ್ಗೆ ಡೆಕ್ಕನ್ ಎಕ್ಸ್‌ಪ್ರೆಸ್ ಹಿಡಿದರೆ ಮಧ್ಯಾಹ್ನದ ಊಟ ಪುಣೆಯಲ್ಲಿ. ಭಾನುವಾರದ ಕೊನೆಗೆ ಸವಾಯಿ ಗಂಧರ್ವರ ಹಳೆಯ ಮುದ್ರಿಕೆಯ ಭೈರವಿ ಹಾಕುತ್ತಾರೆ. ಅಷ್ಟು ದೊಡ್ಡ ಮಂಟಪ ಆಗ ತೆಪ್ಪಗಿರುತ್ತದೆ. ಅದಕ್ಕಾಗಿ ಒಂದು ದಿನ ರಜೆ ಹಾಕಿದರೂ ನಷ್ಟವಿಲ್ಲ.

ಇನ್ನು ನೀನು ಮೂಗು ಮುರಿಯುವ ವಿಷಯಕ್ಕೆ ಬರುತ್ತೇನೆ.

ನರೀಮನ್ ಪಾಯಿಂಟಿನ ತುದಿಯಲ್ಲಿ, ಸಮುದ್ರಕ್ಕೆ ಬೆನ್ನು ಕೊಟ್ಟು, ರಾಷ್ಟ್ರೀಯ ಪ್ರದರ್ಶನ ಕಲೆಗಳ ಕೇಂದ್ರವಿದೆ. ಎಲ್ಲರೂ ಎನ್‌ಸಿಪಿಎ ಎನ್ನುತ್ತಾರೆ. ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾದ ಮನೆ ಅದು. 2006ರಲ್ಲಿ ಕಜಾಕಿಸ್ತಾನದ ಪಿಟೀಲುವಾದಕ ಮರಾತ್ ಬಿಸೆನ್ಗಲಿಯೆವ್ ಅವರನ್ನು ಕರೆಸಿಕೊಂಡು ಕಟ್ಟಿದ ಪಾಶ್ಚಾತ್ಯ ವಾದ್ಯವೃಂದ. ಇವರ ಕಛೇರಿಗಳ ಒಂದು ಸರಣಿ ಫೆಬ್ರುವರಿಯ ಸುಮಾರಿಗೆ, ಇನ್ನೊಂದು ಸೆಪ್ಟೆಂಬರಿನಲ್ಲಿ ಬರುತ್ತದೆ. ನಿನ್ನ ಮೂರು ತಿಂಗಳಲ್ಲಿ ಬೇರೇನೂ ಕೇಳದಿದ್ದರೂ ಇದನ್ನು ಕೇಳಲೇಬೇಕು. ಏಕೆ ಎನ್ನುತ್ತೀಯ? ನಿನಗೆ ಸಿಂಫನಿ ಅರ್ಥವಾಗಬೇಕೆಂದಲ್ಲ. ಮೈಕು ಇಲ್ಲದೆ ಸಾವಿರ ಜನಕ್ಕೆ ಸಂಗೀತ ಮುಟ್ಟುವುದು ಹೇಗೆಂದು ನಿನ್ನ ಕಿವಿಗೆ ಗೊತ್ತಾಗಲಿ ಎಂದು.

ಹತ್ತು ನಿಮಿಷ ಮೊದಲೇ ಒಳಗೆ ಹೋಗಿ ಕೂರು. ವಾದಕರು ಒಬ್ಬೊಬ್ಬರಾಗಿ ಬಂದು ತಮ್ಮತಮ್ಮ ಪಾಡಿಗೆ ಏನೇನೋ ನುಡಿಸುತ್ತಿರುತ್ತಾರೆ, ಸಂತೆಯ ಗದ್ದಲ. ಆಮೇಲೆ ಪ್ರಧಾನ ಪಿಟೀಲಿನವರು ಎದ್ದು ನಿಲ್ಲುತ್ತಾರೆ, ಗದ್ದಲ ಅಡಗುತ್ತದೆ. ಒಬೋ ಎಂಬ ವಾದ್ಯ, ನಮ್ಮ ಶಹನಾಯಿಯ ದೂರದ ನೆಂಟ, ಒಂದೇ ಸ್ವರವನ್ನು ಉದ್ದಕ್ಕೆ ಹಿಡಿಯುತ್ತದೆ. ಸುಮಾರು 440 ಹರ್ಟ್ಸ್. ನಿನ್ನ ಹಾರ್ಮೋನಿಯಂ ಪೇಟಿಯ ಲೆಕ್ಕದಲ್ಲಿ ಬಿಳಿ ಆರು. ಆ ಒಂದು ಸ್ವರಕ್ಕೆ ಮೊದಲು ಗಾಳಿವಾದ್ಯಗಳು, ಆಮೇಲೆ ತಂತಿವಾದ್ಯಗಳೆಲ್ಲ ಬಂದು ಕೂಡಿಕೊಳ್ಳುತ್ತವೆ. ತಂಬೂರಿ ಕೂಡಿಸುವಾಗ ನೀನು ಕಣ್ಣು ಮುಚ್ಚುತ್ತೀಯಲ್ಲ, ಇಲ್ಲಿಯೂ ಮುಚ್ಚು. ವ್ಯತ್ಯಾಸವೆಂದರೆ ಅವರು ಶ್ರುತಿಯನ್ನು ಒಮ್ಮೆ ಕೇಳಿಸಿ ನಿಲ್ಲಿಸಿಬಿಡುತ್ತಾರೆ, ಮುಂದಿನ ಒಂದೂವರೆ ಗಂಟೆ ಅದನ್ನು ತಲೆಯೊಳಗೇ ಹೊತ್ತಿರಬೇಕು.

ಎರಡು ಎಚ್ಚರಿಕೆ. ಸಿಂಫನಿ ಎಂದರೆ ಇಡೀ ವೃಂದಕ್ಕೆಂದು ಬರೆದ ದೊಡ್ಡ ಕೃತಿ, ಅದಕ್ಕೆ ಸಾಮಾನ್ಯವಾಗಿ ನಾಲ್ಕು ಭಾಗ. ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ನಡುವೆ ಚಪ್ಪಾಳೆ ತಟ್ಟುವ ಪದ್ಧತಿ ಇಲ್ಲ; ಎಲ್ಲರೂ ಅದುಮಿಟ್ಟ ಕೆಮ್ಮನ್ನು ಆಗ ಕೆಮ್ಮುತ್ತಾರೆ ಅಷ್ಟೆ. ಎರಡನೆಯದು, ಏನೇ ಚೆನ್ನಾಗಿ ಕೇಳಿಸಲಿ, ದಯವಿಟ್ಟು ‘ಕ್ಯಾ ಬಾತ್ ಹೈ’ ಎನ್ನಬೇಡ. ಧಾರವಾಡದಲ್ಲಿ ಅದು ಕಲಾವಿದನಿಗೆ ಕೊಡುವ ಮರ್ಯಾದೆ. ಇಲ್ಲಿ ಪಕ್ಕದ ಪಾರ್ಸಿ ಅಜ್ಜಿ ನಿನ್ನನ್ನು ಕಣ್ಣಿನಿಂದಲೇ ಹೊರಗೆ ಕಳುಹಿಸುತ್ತಾರೆ.

ಅದೇ ಆವರಣದಲ್ಲಿ ಟಾಟಾ ಥಿಯೇಟರ್ ಇದೆ, 1980ರದ್ದು. ಅಮೆರಿಕದ ಫಿಲಿಪ್ ಜಾನ್ಸನ್ ನಕ್ಷೆ ಹಾಕಿದರು, ಧ್ವನಿಯ ಏರ್ಪಾಟು ಸಿರಿಲ್ ಹ್ಯಾರಿಸ್ ಅವರದು. ಬೀಸಣಿಗೆಯ ಆಕಾರದಲ್ಲಿ ಆಸನಗಳನ್ನು ವೇದಿಕೆಗೆ ಹತ್ತಿರ ತಂದು, ಧ್ವನಿವರ್ಧಕವಿಲ್ಲದೆ ನಮ್ಮ ಸಂಗೀತ ಕೇಳಿಸಬೇಕು, ಹಾಡುವವರ ಮುಖ ಕಾಣಬೇಕು ಎಂಬ ಉದ್ದೇಶದಿಂದ ಕಟ್ಟಿದ್ದು. ಆದರೂ ಖ್ಯಾಲ್ ಹಾಡುವ ಬಹುತೇಕರು ಅಲ್ಲಿಗೂ ಮೈಕು ಬೇಕೆನ್ನುತ್ತಾರೆ, ತಬಲಾದ ಮೈಕನ್ನು ಇನ್ನಷ್ಟು ಏರಿಸಲು ಸನ್ನೆ ಮಾಡುತ್ತಾರೆ. ಅಂಥ ಕೋಣೆಯಲ್ಲಿ ಇದು ಅನ್ಯಾಯ. ನಿನ್ನ ಒಂಬತ್ತರಲ್ಲಿ ಯಾರಾದರೂ ಅಲ್ಲಿ ಮೈಕಿಲ್ಲದೆ ಹಾಡಲು ಒಪ್ಪಿದರೆ ಟಿಕೆಟಿನ ದುಡ್ಡು ನನ್ನದು.

ಕರ್ನಾಟಕ ಸಂಗೀತಕ್ಕೆ ಸಾಯನ್ ಕಡೆಯ ಷಣ್ಮುಖಾನಂದ ಸಭಾಂಗಣ. ಸಭೆ ಹುಟ್ಟಿದ್ದು 1952ರಲ್ಲಿ. ಸಭಾಂಗಣ 1990ರಲ್ಲಿ ಬೆಂಕಿಗೆ ಸಿಕ್ಕಿ, 1998ರಲ್ಲಿ ಮತ್ತೆ ಬಾಗಿಲು ತೆರೆಯಿತು. 2,700ಕ್ಕೂ ಮಿಕ್ಕಿ ಆಸನ. ಡಿಸೆಂಬರಿನಲ್ಲಿ ದೊಡ್ಡ ವಿದ್ವಾಂಸರೆಲ್ಲ ಚೆನ್ನೈಯ ಮಾರ್ಗಳಿ ತಿಂಗಳ ಸಂಗೀತ ಋತುವಿನಲ್ಲಿ ಸಿಕ್ಕಿಕೊಂಡಿರುತ್ತಾರೆ, ಸಂಕ್ರಾಂತಿ ಕಳೆದ ಮೇಲೆ ನೋಡೋಣ. ಮೃದಂಗದವರು ಒಬ್ಬರೇ ನುಡಿಸುವ ತನಿ ಆವರ್ತನ ಶುರುವಾದ ಕೂಡಲೇ ಅರ್ಧ ಸಭೆ ಎದ್ದು ಹೋಗುವುದನ್ನು ನೋಡಿ ಬೇಸರಪಡಬೇಡ. ಚೆನ್ನೈಯಲ್ಲಿ ಕಾಫಿಗೆ ಏಳುತ್ತಾರೆ, ಇಲ್ಲಿ ಗಾಡಿಗೆ. ನಾವು ಏಳುವುದಿಲ್ಲ.

ಆದರೆ ಆ ಸಭಾಂಗಣಕ್ಕೆ ನಿನ್ನನ್ನು ನಿಜವಾಗಿ ಕರೆದೊಯ್ಯಬೇಕೆಂದಿರುವುದು ಫೆಬ್ರುವರಿ 3ರಂದು. ತಬಲಾದ ಉಸ್ತಾದ್ ಅಲ್ಲಾ ರಖಾ 2000ದಲ್ಲಿ ತೀರಿಕೊಂಡ ದಿನ ಅದು. ಜಾಕಿರ್ ಹುಸೇನ್ ತಂದೆಯ ನೆನಪಿಗೆಂದು ಆ ದಿನವನ್ನು ಬೆಳಗಿನಿಂದ ರಾತ್ರಿಯವರೆಗಿನ ಸಂಗೀತವಾಗಿ ಮಾಡಿದರು. ಬೆಳಗಿನ ಜಾವಕ್ಕೇ ಶುರು. ಕಾನೂನು ನಮ್ಮಿಂದ ಕಸಿದುಕೊಂಡ ರಾತ್ರಿಗೆ ಬದಲಾಗಿ ಮುಂಬೈ ಈ ಮುಂಜಾವನ್ನು ಹಿಡಿದುಕೊಂಡಿದೆ. ದೀಪಾವಳಿಯ ‘ಪಹಾಟ್’ ಕಛೇರಿಗಳೂ ಹೀಗೆಯೇ, ಅವು ನಿನಗೆ ಈ ಸಲ ತಪ್ಪಿದವು. ತಬಲಾ, ಮೃದಂಗ, ಆಫ್ರಿಕಾದ ಚರ್ಮವಾದ್ಯ, ಪಶ್ಚಿಮದ ಡ್ರಮ್ಸ್ ಎಲ್ಲ ಒಂದೇ ವೇದಿಕೆಗೆ ಬರುವುದು ಅಲ್ಲಿ. 2024ರ ಡಿಸೆಂಬರಿನಲ್ಲಿ ಜಾಕಿರ್ ಅವರೂ ಹೋದರು. ಈಗ ಆ ದಿನ ಅಲ್ಲಿ ಕೂರುವಾಗ ತಂದೆಯ ಜೊತೆ ಮಗನ ನೆನಪೂ ಸೇರಿರುತ್ತದೆ. ಚೆಂಬೂರಿನ ನಿನ್ನ ಅತಿಥಿಗೃಹದಿಂದ ಹಾರ್ಬರ್ ಗಾಡಿಯಲ್ಲಿ ವಡಾಳಾ, ಅಲ್ಲಿ ಬದಲಿಸಿ ಕಿಂಗ್ಸ್ ಸರ್ಕಲ್. ಅಷ್ಟು ಹೊತ್ತಿಗೆ ಕುಳಿತುಕೊಳ್ಳಲು ಜಾಗವೂ ಸಿಗುತ್ತದೆ, ಇದು ಮುಂಬೈಯಲ್ಲಿ ಸಣ್ಣ ಮಾತಲ್ಲ.

ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ 2023ರಿಂದ ಲೋಲಾಪಲೂಜಾ ನಡೆಯುತ್ತಿದೆ. ಅಮೆರಿಕದಲ್ಲಿ ಹುಟ್ಟಿದ ರಾಕ್, ಪಾಪ್ ಉತ್ಸವ, ಎರಡು ದಿನ, ಹಲವು ವೇದಿಕೆ. ಸಾಮಾನ್ಯವಾಗಿ ಜನವರಿ, ಒಮ್ಮೊಮ್ಮೆ ಮಾರ್ಚ್. ನನ್ನ ಮಗಳು ಹೋಗುತ್ತಾಳೆ. ಮಧ್ಯಾಹ್ನದಿಂದ ರಾತ್ರಿಯವರೆಗೆ ನಿಂತೇ ಇರಬೇಕು, ಕಾಲಡಿಯ ಧೂಳು ಮೂಗಿಗೆ, ಎದೆಗೂಡಿಗೆ ಬಾಸ್ ಡ್ರಮ್ಮಿನ ಗುದ್ದು. ನಿನ್ನ ಮಂಡಿನೋವಿಗೆ ಇದು ಬೇಡ. ಅಲ್ಲೂ ಹತ್ತಕ್ಕೆ ಬಂದ್ ಎಂಬುದಷ್ಟೇ ನಿನಗೂ ಅವಳಿಗೂ ಸಮಾನ ದುಃಖ. ಬದಲಿಗೆ ಅಲ್ಲಿಂದ ಕೂಗಳತೆಯಲ್ಲಿರುವ ಹಾಜಿ ಅಲಿ ದರ್ಗಾಕ್ಕೆ ಒಂದು ಗುರುವಾರ ಸಂಜೆ ಹೋಗೋಣ. ಅಂಗಳದಲ್ಲಿ ಖವ್ವಾಲರು ಪೇಟಿ, ಢೋಲಕ್ ಇಟ್ಟುಕೊಂಡು ಕುಳಿತಿರುತ್ತಾರೆ. ಟಿಕೆಟಿಲ್ಲ, ವೇದಿಕೆಯಿಲ್ಲ, ಜನ ನಡೆದಾಡುತ್ತಲೇ ಕೇಳುತ್ತಾರೆ. ಸಮುದ್ರದೊಳಗಿನ ದಾರಿಯಲ್ಲಿ ನಡೆದು ಹೋಗಬೇಕು, ಭರತದ ಹೊತ್ತಿನಲ್ಲಿ ಆ ದಾರಿ ಮುಳುಗುತ್ತದೆ. ಹೊರಡುವ ಮುನ್ನ ಭರತ ಇಳಿತದ ವೇಳೆ ನೋಡಿಕೊಳ್ಳಬೇಕು. ಪೊಲೀಸರ ಹತ್ತು ಗಂಟೆಗಿಂತ ಈ ಗಡಿಯಾರ ನನಗೆ ಹೆಚ್ಚು ಒಪ್ಪಿಗೆ.

ಬಾಂದ್ರಾದ ಮೆಹಬೂಬ್ ಸ್ಟುಡಿಯೊದಲ್ಲಿ ಫೆಬ್ರುವರಿಯ ನಡುವಿಗೆ ಮಹೀಂದ್ರ ಬ್ಲೂಸ್ ಉತ್ಸವ, 2011ರಿಂದ. ಇದಕ್ಕೆ ನೀನು ಒಲಿಯುತ್ತೀಯ ಎಂದು ಪಂಥ ಕಟ್ಟುತ್ತೇನೆ. ಅಮೆರಿಕದ ದಕ್ಷಿಣದ ಹತ್ತಿ ಹೊಲಗಳಲ್ಲಿ ದುಡಿದ ಕಪ್ಪು ಜನರ ಹಾಡು ಅದು. ಗಿಟಾರಿನ ತಂತಿಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ ಸ್ವರವನ್ನು ಮೇಲಕ್ಕೆ ಎಳೆಯುತ್ತಾರೆ. ಅವರ ಗಾಂಧಾರವನ್ನು ಗಮನವಿಟ್ಟು ಕೇಳು: ಕೋಮಲವೂ ಅಲ್ಲ, ಶುದ್ಧವೂ ಅಲ್ಲ, ನಡುವೆ ಎಲ್ಲೋ ಒರಗಿಕೊಂಡಿರುತ್ತದೆ. ನಾಲ್ಕು ಮಾತ್ರೆಯ ಹನ್ನೆರಡು ತುಂಡುಗಳು ಸೇರಿ ಒಂದು ಆವರ್ತ. ಎರಡು ಸಲ ಸುತ್ತಿ ಬರುವಷ್ಟರಲ್ಲಿ ನೀನು ಸಮ್‌ಗೆ, ಅಂದರೆ ಆವರ್ತದ ಮೊದಲ ಮಾತ್ರೆಗೆ, ತಲೆ ಹಾಕುತ್ತಿರುತ್ತೀಯ. ಅಲ್ಲಿ ಬೇಕಾದಷ್ಟು ‘ವಾಹ್’ ಎನ್ನು, ಯಾರೂ ತಡೆಯುವುದಿಲ್ಲ.

ಯಕ್ಷಗಾನದ ಬಗ್ಗೆ ವೈನಿಯವರು ಕೇಳಿದ್ದಾರೆಂದು ಬರೆದಿದ್ದೀಯ. ಮೇಳಗಳು ಈಗ ಊರಿನಲ್ಲೇ ತಿರುಗಾಟದಲ್ಲಿರುತ್ತವೆ. ಮೇ ಕೊನೆಯ ಪತ್ತನಾಜೆಗೆ ತಿರುಗಾಟ ಮುಗಿದು, ಮಳೆಗಾಲಕ್ಕೆ ಕಲಾವಿದರು ಮುಂಬೈಗೆ ಬರುತ್ತಾರೆ. ಚಳಿಗಾಲದಲ್ಲಿ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಂಥ ನಮ್ಮವರ ಸಭಾಂಗಣಗಳಲ್ಲಿ ಭಾವಗೀತೆಯೋ ದಾಸರ ಪದವೋ ಇದ್ದರೆ ತಿಳಿಸುತ್ತೇನೆ.

ಟಿಕೆಟ್ ವಿಷಯ ಚುಟುಕಾಗಿ. ಎನ್‌ಸಿಪಿಎಯಲ್ಲಿ ಸದಸ್ಯರಿಗೆ ಮೊದಲು, ಉಳಿದವರಿಗೆ ಆಮೇಲೆ; ನನ್ನ ಸಹೋದ್ಯೋಗಿಯೊಬ್ಬರು ಸದಸ್ಯರು, ಅವರ ಮೂಲಕ ನೋಡುತ್ತೇನೆ. ಸಿಂಫನಿಗೆ ಮೇಲಿನ ಬಾಲ್ಕನಿಯೇ ಸಾಕು, ಅಗ್ಗವೂ ಹೌದು, ವೃಂದದಲ್ಲಿ ಯಾವ ಸಾಲು ಯಾವಾಗ ಕಮಾನು ಎತ್ತುತ್ತದೆ ಎಂಬುದೂ ಕಾಣುತ್ತದೆ. ಮೊಬೈಲಿನಲ್ಲಿ ಕಾಯ್ದಿರಿಸುವಾಗ ತೋರಿಸುವ ಬೆಲೆಯ ಮೇಲೆ ಶುಲ್ಕ, ತೆರಿಗೆ ಕೂಡಿಕೊಳ್ಳುತ್ತದೆ, ಆಮೇಲೆ ನನ್ನನ್ನು ಬೈಯಬೇಡ. ಯಾರೋ ಹೆಚ್ಚಿನ ದುಡ್ಡಿಗೆ ಕೊಡುತ್ತೇನೆಂದು ಕಳುಹಿಸುವ ಟಿಕೆಟಿನ ಚಿತ್ರಕ್ಕೆ ಮರುಳಾಗಬೇಡ.

ಮುಂಬೈಗೆ ಸ್ವೆಟರ್ ಬೇಡ, ಪುಣೆಗೆ ಶಾಲು ಬೇಕು. ಸಿಂಫನಿಗೆ ಒಂದು ಆಸನವೋ, ವೈನಿಯವರನ್ನೂ ಸೇರಿಸಿ ಎರಡೋ, ಶುಕ್ರವಾರದೊಳಗೆ ಬರೆ. ನಿನ್ನ ಒಂಬತ್ತು ಜನರಲ್ಲಿ ಮೂರನೆಯವರ ಗಾಯನ ಜನವರಿಯಲ್ಲಿ ಠಾಣೆಯಲ್ಲಿದೆಯಂತೆ. ಹೇಳಬಾರದೆಂದಿದ್ದೆ. ಅವರೊಬ್ಬರಿಗೆ ವಿನಾಯಿತಿ.

ನಿನ್ನ
ಡೊಂಬಿವಲಿಯ ಗೆಳೆಯ