ಮೊದಲೇ "ಆಗಲ್ಲ" ಎಂದವರಿಗೂ ಒಂದು ವಂದನೆ

ಕಳೆದ ವಾರ ನಮ್ಮ ಪಟ್ಟಿಯ ಕೊನೆಯ ಕುಟುಂಬಕ್ಕೂ ಕೀಲಿಕೈ ಸಿಕ್ಕಿತು. ದಿವಾಳಿ ಎದ್ದ ಮೇಲೆ ಇಂಗ್ಲೆಂಡಿನಲ್ಲಿ ಬಾಡಿಗೆ ಮನೆಯನ್ನೋ ಕೌನ್ಸಿಲ್ (ಸ್ಥಳೀಯ ಆಡಳಿತ) ಕೊಡುವ ಮನೆಯನ್ನೋ ಹುಡುಕುವ ಕನ್ನಡದವರ ಕಾಗದಪತ್ರ ನೋಡಿಕೊಡುವ ನಾವು ನಾಲ್ಕು ಜನ, ಕೈಹಿಡಿದವರಿಗೆಲ್ಲ ಧನ್ಯವಾದ ಹೇಳುವುದು ಬಾಕಿಯಿತ್ತು. ಹೆಸರು ಹಾಕುತ್ತಿಲ್ಲ. ಹಾಕಿದರೆ ಯಾರ ಮನೆಯ ಕಥೆ ಎಂದು ಊರಿನವರೆಗೂ ಸುದ್ದಿ ಮುಟ್ಟುತ್ತದೆ. ಬದಲಿಗೆ ಯಾರು ಏನು ಮಾಡಿಕೊಟ್ಟರು ಎಂಬುದನ್ನು ಬಿಡಿಸಿ ಬರೆಯುತ್ತೇವೆ. ಮುಂದೆ ಬರುವವರಿಗೆ ಬೇಕಾಗುವುದು ಅದೇ.

ವಿಚಿತ್ರ ಅನ್ನಿಸಬಹುದು, ಆದರೆ ಮೊದಲ ವಂದನೆ ಫೋನಿನಲ್ಲೇ "ನಮ್ಮಲ್ಲಿ ಆಗಲ್ಲ" ಎಂದುಬಿಟ್ಟ, ಮಾಲೀಕರ ಪರವಾಗಿ ಮನೆ ಬಾಡಿಗೆಗೆ ಕೊಡುವ ಲೆಟಿಂಗ್ ಏಜೆಂಟರಿಗೆ. ಆ ಮಾತು ಮನಸ್ಸಿಗೆ ಚುಚ್ಚಿದರೂ ಜೇಬು ಉಳಿಸಿತು. ತಿಂಗಳಿಗೆ 1,100 ಪೌಂಡ್ ಬಾಡಿಗೆಯ ಮನೆ ಹಿಡಿದಿಡಲು ಒಂದು ವಾರದ ಬಾಡಿಗೆ, ಅಂದರೆ 253 ಪೌಂಡ್ 84 ಪೆನ್ಸ್‌ವರೆಗೆ ಹೋಲ್ಡಿಂಗ್ ಡಿಪಾಸಿಟ್ ಕೇಳಬಹುದು. ಅರ್ಜಿಯಲ್ಲಿ ಸುಳ್ಳು ಅಥವಾ ದಾರಿತಪ್ಪಿಸುವ ಮಾಹಿತಿ ಕೊಟ್ಟಿದ್ದರೆ ಆ ಹಣ ಇಟ್ಟುಕೊಳ್ಳಲು 2019ರ ಟೆನೆಂಟ್ ಫೀಸ್ ಕಾಯ್ದೆಯೇ ಅವಕಾಶ ಕೊಡುತ್ತದೆ. ದಿವಾಳಿಯನ್ನು ಮುಚ್ಚಿಟ್ಟವರು ಹಣ ಕಳೆದುಕೊಳ್ಳುವುದು ಇಲ್ಲೇ. ಮುಚ್ಚಿಟ್ಟು ಫಲವೂ ಇಲ್ಲ. ಇನ್‌ಸಾಲ್ವೆನ್ಸಿ ರಿಜಿಸ್ಟರ್ ಎಂಬ ದಿವಾಳಿಯಾದವರ ಸಾರ್ವಜನಿಕ ಪಟ್ಟಿಯಲ್ಲಿ ಹೆಸರು ಡಿಸ್ಚಾರ್ಜ್ (ದಿವಾಳಿಯಿಂದ ಬಿಡುಗಡೆ) ಆದ ಮೇಲೆ ಮೂರು ತಿಂಗಳವರೆಗೆ ಇರುತ್ತದೆ, ಸಾಲದ ಚರಿತ್ರೆಯ ದಾಖಲೆಯಾದ ಕ್ರೆಡಿಟ್ ಫೈಲಿನಲ್ಲಿ ಆದೇಶದ ದಿನದಿಂದ ಆರು ವರ್ಷ ಕೂತಿರುತ್ತದೆ, ಗೆಜೆಟ್ ಪ್ರಕಟಣೆಯಂತೂ ಹೆಸರು ಕೊಟ್ಟು ಹುಡುಕಿದರೆ ಆಮೇಲೂ ಕಣ್ಣಿಗೆ ಬೀಳಬಹುದು.

ಹಾಗಾಗಿ ಹಣ ಕಟ್ಟುವ ಮೊದಲು ಕಳಿಸಬೇಕಾದ ನಾಲ್ಕು ಸಾಲಿನ ಇಮೇಲ್ ಒಂದನ್ನು ನಮಗೆ ಬರೆದುಕೊಟ್ಟ ನಿವೃತ್ತ ಏಜೆಂಟರಿಗೆ ವಿಶೇಷ ಧನ್ಯವಾದ. ಅದರ ತಿರುಳು ಇಷ್ಟು: "2024ರ ಫೆಬ್ರವರಿಯಲ್ಲಿ ದಿವಾಳಿ ಆದೇಶ, 2025ರ ಫೆಬ್ರವರಿಯಲ್ಲಿ ಡಿಸ್ಚಾರ್ಜ್. ಈಗಿನ ಸಂಬಳ ಇಷ್ಟು, ಮೂರು ತಿಂಗಳ ಪೇಸ್ಲಿಪ್ ಜೊತೆಗಿದೆ. ಕಳೆದ ಹನ್ನೆರಡು ತಿಂಗಳ ಬಾಡಿಗೆ ತಪ್ಪದೆ ಕಟ್ಟಿದ್ದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಇದೆ. ಇದು ನಿಮ್ಮ ರೆಫರೆನ್ಸಿಂಗ್‌ನಲ್ಲಿ ನಿಲ್ಲುತ್ತದೆಯೇ, ಹೋಲ್ಡಿಂಗ್ ಡಿಪಾಸಿಟ್ ತೆಗೆದುಕೊಳ್ಳುವ ಮೊದಲು ತಿಳಿಸಿ." ರೆಫರೆನ್ಸಿಂಗ್ ಎಂದರೆ ಬಾಡಿಗೆದಾರರ ಆದಾಯ, ಸಾಲದ ಚರಿತ್ರೆಯ ತಪಾಸಣೆ. ಹೀಗೆ ಬರಹದಲ್ಲಿ ಹೇಳಿದ ಮೇಲೆ ಬರೀ ಕ್ರೆಡಿಟ್ ಚೆಕ್ ಫೇಲಾಯಿತು ಎಂದು ಹಣ ನುಂಗಲಾಗದು. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ ಎಂಬುದನ್ನು ಮರೆಯಬೇಡಿ.

ಮನೆ ಮಾಲೀಕರು ಒಪ್ಪಿದರೂ ಏಜೆಂಟ್ ಒಪ್ಪದೆ ಇರುವುದಕ್ಕೆ ಹಟವೇ ಕಾರಣವೆಂದು ತಿಳಿಯಬೇಕಿಲ್ಲ. ಬಾಡಿಗೆ ಬಾರದಿದ್ದರೆ ತುಂಬಿಕೊಡುವ ವಿಮೆ ಮಾಡಿಸಿದ್ದರೆ, ಬಾಡಿಗೆದಾರ ರೆಫರೆನ್ಸಿಂಗ್ ಪಾಸಾಗಬೇಕು ಎಂಬ ಷರತ್ತು ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ. ಇದನ್ನು ಅರ್ಥ ಮಾಡಿಸಿ, ಏಜೆಂಟ್ ಇಲ್ಲದೆ ತಾವೇ ಬಾಡಿಗೆಗೆ ಕೊಡುವವರ ಕಡೆ ಕೈತೋರಿಸಿದವರಿಗೆ ನಮಸ್ಕಾರ.

ಹತ್ತು ತಿಂಗಳ ಅಡ್ವಾನ್ಸ್ ಎಂಬ ಮಾತು ಕೇಳಿಕೊಂಡು ಬೆಂಗಳೂರಿನಿಂದ ಬಂದ ನಮ್ಮವರಿಗೆ ಮೊದಲು ಹೊಳೆಯುವ ಉಪಾಯ "ಆರು ತಿಂಗಳ ಬಾಡಿಗೆ ಮುಂಗಡ ಕೊಟ್ಟರಾಯಿತು" ಎಂಬುದು. ಹಿಂದೆ ಅದು ನಡೆಯುತ್ತಿತ್ತು. 2026ರ ಮೇ 1ರಿಂದ ರೆಂಟರ್ಸ್ ರೈಟ್ಸ್ ಕಾಯ್ದೆ ಆ ಬಾಗಿಲು ಮುಚ್ಚಿತು: ಕರಾರಿಗೆ ಸಹಿ ಬೀಳುವ ಮೊದಲು ಬಾಡಿಗೆ ತೆಗೆದುಕೊಳ್ಳುವಂತಿಲ್ಲ, ಸಹಿಯಾದ ಮೇಲೆ ಒಂದು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಡಿಪಾಸಿಟ್ ಮಿತಿ ಮೊದಲಿನಂತೆಯೇ, ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆಯಿದ್ದರೆ ಐದು ವಾರ. ನಮ್ಮ ಉದಾಹರಣೆಯ ಮನೆಗೆ 1,269 ಪೌಂಡ್ 23 ಪೆನ್ಸ್. ದುಡ್ಡಿದ್ದರೂ ಕ್ರೆಡಿಟ್ ಇಲ್ಲದವರಿಗೆ ಈ ಒಳ್ಳೆಯ ಕಾನೂನು ಕಷ್ಟವನ್ನೂ ತಂದಿದೆ ಎಂಬುದು ನಮ್ಮ ಅಭಿಪ್ರಾಯ. ಈಗ ಉಳಿದ ದಾರಿ ಗ್ಯಾರಂಟರ್, ಅಂದರೆ ಬಾಡಿಗೆ ನಿಂತರೆ ತಾನು ಕಟ್ಟುವೆನೆಂದು ಸಹಿ ಹಾಕುವ ಜಾಮೀನುದಾರ.

ಗ್ಯಾರಂಟರ್ ಆಗಿ ನಿಂತ ಅಣ್ಣಂದಿರು, ಭಾವಂದಿರು, ಸಹೋದ್ಯೋಗಿಗಳ ಋಣ ದೊಡ್ಡದು. ಬಾಡಿಗೆದಾರರ ವರ್ಷದ ಆದಾಯ ತಿಂಗಳ ಬಾಡಿಗೆಯ 30 ಪಟ್ಟು, ಗ್ಯಾರಂಟರದ್ದು 36 ಪಟ್ಟು ಇರಬೇಕೆಂಬುದು ಏಜೆಂಟರ ಸಾಮಾನ್ಯ ಲೆಕ್ಕ. 1,100ರ ಮನೆಗೆ 33,000 ಮತ್ತು 39,600 ಪೌಂಡ್. ಅವರು ಬ್ರಿಟನ್ನಿನಲ್ಲೇ ಇರಬೇಕು; ಊರಿನಲ್ಲಿರುವ ಅಪ್ಪನ ಆಸ್ತಿಪತ್ರ ಇಲ್ಲಿ ನಡೆಯದು. ಸಹಿ ಹಾಕುವ ಮೊದಲು ಹೊಣೆ ಎಷ್ಟು ಕಾಲಕ್ಕೆ, ಎಷ್ಟು ಮೊತ್ತಕ್ಕೆ ಎಂದು ಕರಾರಿನಲ್ಲಿ ಬರೆಸಿಕೊಳ್ಳಿ ಎಂದು ಅವರಿಗೇ ಬುದ್ಧಿ ಹೇಳಿದ, ಉಚಿತ ಸಲಹೆ ಕೊಡುವ ಸಿಟಿಜನ್ಸ್ ಅಡ್ವೈಸ್‌ನ ಸ್ವಯಂಸೇವಕರಿಗೂ ಕೃತಜ್ಞತೆ.

ಕ್ರೆಡಿಟ್ ಫೈಲ್ ಸರಿಮಾಡಿಸುವ ಕೆಲಸ ಕಲಿಸಿದ ಸಾಲ ಸಲಹೆಗಾರರನ್ನು ಹೇಗೆ ಮರೆಯುವುದು? ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಕ್ರೆಡಿಟ್ ಏಜೆನ್ಸಿಗಳ ವರದಿಯನ್ನೂ ಮೇಜಿನ ಮೇಲೆ ಹರಡಿ, ಸ್ಕೇಲ್ ಇಟ್ಟು ಸಾಲು ಸಾಲಾಗಿ ಓದಿಸುತ್ತಿದ್ದರು. ದಿವಾಳಿ ಆದೇಶ 2023ರ ಮಾರ್ಚ್‌ನದ್ದು ಅಂದುಕೊಳ್ಳಿ. ಅದೇ ದಿವಾಳಿಯಲ್ಲಿ ಸೇರಿದ ಕ್ರೆಡಿಟ್ ಕಾರ್ಡೊಂದಕ್ಕೆ 2023ರ ಆಗಸ್ಟ್ ಎಂದು ಡಿಫಾಲ್ಟ್ (ಸಾಲ ಕಟ್ಟಲು ತಪ್ಪಿದ) ದಿನಾಂಕ ನಮೂದಾಗಿದೆ. ದಿವಾಳಿಯ ಗುರುತು 2029ರ ಮಾರ್ಚ್‌ಗೆ ಅಳಿಸಿದರೂ ಕಾರ್ಡಿನ ಕಲೆ ಆಗಸ್ಟ್‌ವರೆಗೆ ಉಳಿಯುತ್ತದೆ. ಡಿಫಾಲ್ಟ್ ದಿನಾಂಕ ಆದೇಶದ ದಿನಕ್ಕಿಂತ ಆಚೆಗೆ ಹೋಗಬಾರದು, ಡಿಸ್ಚಾರ್ಜ್ ಆದ ಮೇಲೆ ಬಾಕಿಯೂ ಸೊನ್ನೆಯಾಗಿರಬೇಕು. ಆದೇಶದ ಪ್ರತಿ, ಡಿಸ್ಚಾರ್ಜ್ ಪತ್ರ ಲಗತ್ತಿಸಿ ಸಾಲ ಕೊಟ್ಟವರಿಗೇ ಮೊದಲು ಬರೆಯಬೇಕು. ಏಜೆನ್ಸಿ ತಾನಾಗಿ ತಿದ್ದುವುದಿಲ್ಲ. ಜೊತೆಗೆ 200 ಪದದೊಳಗೆ ಒಂದು ವಿವರಣೆಯನ್ನೂ ಫೈಲಿಗೆ ಸೇರಿಸಬಹುದು. ಅಲ್ಲಿ ಗೋಳು ಬೇಡ, ಕಾರಣ ಮತ್ತು ತಾರೀಖು ಸಾಕು.

ಇನ್ನು ಕೌನ್ಸಿಲ್ ಮನೆ. ದಿವಾಳಿಯೊಂದೇ ಕಾರಣಕ್ಕೆ ಅರ್ಜಿ ಬೀಳುವುದಿಲ್ಲ ಎಂದು ತಾಳ್ಮೆಯಿಂದ ತಿಳಿಸಿದ ವಸತಿ ಅಧಿಕಾರಿಗಳಿಗೆ ವಂದನೆ. ಅಡ್ಡ ಬರುವುದು ಹಳೆಯ ಬಾಡಿಗೆ ಬಾಕಿ. ಅದು ದಿವಾಳಿಯಲ್ಲಿ ಸೇರುತ್ತದೆ, ನಿಜ. ಆದರೆ ಹಣ ವಸೂಲಿ ಬೇರೆ, ಮನೆ ಬಿಡಿಸುವುದು ಬೇರೆ ಎಂದು 2011ರಲ್ಲೇ ಕೋರ್ಟ್ ಆಫ್ ಅಪೀಲ್ ಹೇಳಿದೆ. ದಿವಾಳಿಯಾದ ಮಾತ್ರಕ್ಕೆ ಇರುವ ಮನೆ ಉಳಿಯಿತು ಎಂದು ನಂಬಿ ಕೂತರೆ ಸ್ವಾಧೀನದ ಆದೇಶ ಬಂದೀತು. ಹೊಸ ಕೌನ್ಸಿಲ್ ಕೂಡ ಹಳೆಯ ಬಾಕಿಯನ್ನು ನಡತೆಯ ಲೆಕ್ಕದಲ್ಲಿ ನೋಡಿ ಸಾಲಿನಲ್ಲಿ ಹಿಂದೆ ತಳ್ಳಬಹುದು. ಪ್ರತಿ ಕೌನ್ಸಿಲಿನ ಹಂಚಿಕೆ ನಿಯಮವೂ ಬೇರೆ, ಓದಿಯೇ ಅರ್ಜಿ ಹಾಕಬೇಕು. ಅಂದಹಾಗೆ, ಅಲ್ಲಿ "ಬಿಡ್" ಎಂದರೆ ಹರಾಜಲ್ಲ. ಖಾಲಿ ಮನೆಗೆ ಆಸಕ್ತಿ ತೋರಿಸುವುದು ಅಷ್ಟೇ, ಹಣದ ಮಾತೇ ಇಲ್ಲ. ಮನೆ ಸಿಗುವುದು ಬ್ಯಾಂಡ್ (ಅಗತ್ಯದ ತುರ್ತಿನ ದರ್ಜೆ) ಮತ್ತು ಕಾದ ಅವಧಿಯ ಮೇಲೆ.

ಹೆಚ್ಚು ಜನ ಎಡವುವ ಜಾಗ ಬೇರೆಯೇ ಇದೆ. ಮನೆ ಬಿಡಿ ಎಂಬ ನೋಟಿಸ್ ಬಂದ ಕೂಡಲೇ ಮರ್ಯಾದೆಗೆ ಅಂಜಿ ಕೀಲಿ ಕೊಟ್ಟು ಹೊರಬೀಳುತ್ತಾರೆ. ಆಗ ಕೌನ್ಸಿಲ್ "ಬೇಕೆಂದೇ ಮನೆ ಬಿಟ್ಟಿರಿ" ಎಂದು ತೀರ್ಮಾನಿಸಬಹುದು. 56 ದಿನದೊಳಗೆ ಮನೆ ಕಳೆದುಕೊಳ್ಳುವ ಸಂಭವವಿದ್ದರೆ, ಅರ್ಹತೆ ಇರುವವರ ಮನೆ ಉಳಿಸಲು ನೆರವಾಗುವುದು 2018ರ ಏಪ್ರಿಲ್‌ನಿಂದ ಕೌನ್ಸಿಲಿನ ಕರ್ತವ್ಯ. ಮನೆ ಹೋದ ಮೇಲೆ ಮತ್ತೆ 56 ದಿನ ಹುಡುಕಲು ನೆರವಾಗಬೇಕು. ಮಕ್ಕಳಿದ್ದರೆ, ಗರ್ಭಿಣಿಯಿದ್ದರೆ, ಕಾಯಿಲೆ ಅಥವಾ ವಯಸ್ಸಿನಿಂದ ದುರ್ಬಲರಾಗಿದ್ದರೆ ತಾತ್ಕಾಲಿಕ ವಸತಿಯೂ ಸಿಗುತ್ತದೆ. ಬಾಡಿಗೆ ಏಕೆ ಕಟ್ಟಲಿಲ್ಲ ಎಂದು ಕೇಳಿದಾಗ ಬಾಯಿಮಾತು ಸಾಲದು. ತಿಂಗಳವಾರು ಆದಾಯ, ದಿನಸಿ, ಕರೆಂಟು, ಶಾಲೆಯ ಖರ್ಚು ಬರೆದ ಒಂದು ಹಾಳೆ, ಅದಕ್ಕೆ ಹೊಂದುವ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕು. ಮಕ್ಕಳ ಊಟಬಟ್ಟೆಗೆಂದು ಬಂದ ಭತ್ಯೆಯನ್ನು ಬಾಡಿಗೆಗೆ ಸುರಿಯಬೇಕಿತ್ತು ಎಂದು ಸುಲಭವಾಗಿ ಹೇಳಲಾಗದು. 2019ರಲ್ಲಿ ಬರ್ಮಿಂಗ್‌ಹ್ಯಾಮ್ ಕೌನ್ಸಿಲಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ತೀರ್ಮಾನ ಒಪ್ಪದಿದ್ದರೆ ಮರುಪರಿಶೀಲನೆ ಕೇಳಲು 21 ದಿನ. ಇಪ್ಪತ್ತನೆಯ ದಿನ ರಾತ್ರಿ ಕೂತು ಪತ್ರ ಬರೆಸಿದ, ವಸತಿ ನೆರವಿನ ಶೆಲ್ಟರ್ ಸಂಸ್ಥೆಯ ಸಲಹೆಗಾರರೇ, ನಿಮ್ಮ ಹೊಟ್ಟೆ ತಣ್ಣಗಿರಲಿ.

ವೀಸಾದಲ್ಲಿ ಸಾರ್ವಜನಿಕ ನಿಧಿ ಬಳಸುವಂತಿಲ್ಲ ಎಂಬ ಷರತ್ತು ಇದ್ದವರಿಗೆ ಕೌನ್ಸಿಲ್ ಮನೆಯ ದಾರಿ ಇಲ್ಲ. ಸ್ಕಿಲ್ಡ್ ವರ್ಕರ್ ವೀಸಾದ ನಮ್ಮವರು ಬಹುತೇಕ ಈ ಗುಂಪಿನವರೇ. ಅರ್ಜಿ ತುಂಬುವ ಮೊದಲೇ ತಡೆದು ವೀಸಾ ಉಳಿಸಿದ ವಕೀಲರಿಗೆ ಧನ್ಯವಾದ.

ದಿವಾಳಿ ಆದೇಶ ಬಂದ ದಿನ ಬ್ಯಾಂಕ್ ಖಾತೆ ಸ್ತಂಭಿಸಬಹುದು, ಖಾತೆಯಿಂದ ತಾನಾಗಿ ಬಾಡಿಗೆ ಕಟ್ಟುವ ಸ್ಟ್ಯಾಂಡಿಂಗ್ ಆರ್ಡರ್ ಅಲ್ಲಿಗೇ ನಿಲ್ಲುತ್ತದೆ. ತಾವು ಸಾಲ ಮಾಡಿರದ ಬೇರೆ ಬ್ಯಾಂಕಿನಲ್ಲಿ ಮೊದಲೇ ಬೇಸಿಕ್ ಅಕೌಂಟ್ ತೆರೆಸಿ ಸಂಬಳವನ್ನು ಅಲ್ಲಿಗೆ ತಿರುಗಿಸಿದವರ ಬಾಡಿಗೆ ಒಂದು ತಿಂಗಳೂ ತಪ್ಪಲಿಲ್ಲ. ಮುಂದೆ ಮನೆ ಕೊಡಿಸಿದ್ದು ಆ ಹನ್ನೆರಡು ತಿಂಗಳ ಸ್ಟೇಟ್‌ಮೆಂಟೇ. ವಿಳಾಸ ಬದಲಾದಾಗ ದಿವಾಳಿಯನ್ನು ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಯಾದ ಅಫಿಶಿಯಲ್ ರಿಸೀವರ್‌ಗೆ ತಿಳಿಸಿ. ಆದಾಯದಿಂದ ಸಾಲಕ್ಕೆ ಕಂತು ಕಟ್ಟುವ ಒಪ್ಪಂದವಿದ್ದರೆ ಹೊಸ ಬಾಡಿಗೆಯ ಲೆಕ್ಕವನ್ನೂ ಕೊಟ್ಟು ಕಂತು ಮರುಪರಿಶೀಲಿಸಲು ಕೇಳಿ.

ಕೊನೆಯದಾಗಿ, ಕೀಲಿ ಸಿಕ್ಕ ದಿನ ಬಂದ ನೆರೆಹೊರೆಯವರು. ಕೌನ್ಸಿಲ್ ಮನೆಯಲ್ಲಿ ಸಾಮಾನ್ಯವಾಗಿ ಕಾರ್ಪೆಟ್ ಇಲ್ಲ, ಒಲೆಯಿಲ್ಲ, ಬಲ್ಬೂ ಇರುತ್ತದೆಂಬ ಖಾತ್ರಿಯಿಲ್ಲ. ಕುಕ್ಕರ್ ಕೊಟ್ಟ ಅಕ್ಕ, ಗ್ಯಾಸ್ ಜೋಡಿಸಲು ಗ್ಯಾಸ್ ಸೇಫ್ ನೋಂದಣಿ ಇರುವವರನ್ನೇ ಕರೆಸಿದ ಅಣ್ಣ, ಬಾಗಿಲು ತೆಗೆದ ಕೂಡಲೇ ಗ್ಯಾಸ್, ಕರೆಂಟು ಎರಡೂ ಮೀಟರಿನ ಫೋಟೊ ತೆಗೆದ ಆ ಪುಟ್ಟ ಹುಡುಗಿ. ಮೊದಲೇ ದುಡ್ಡು ಹಾಕಿ ಬಳಸುವ ಪ್ರೀಪೇಮೆಂಟ್ ಮೀಟರಿನಲ್ಲಿ ಹಿಂದಿನವರ ಸಾಲ ಉಳಿದಿರಬಹುದು, ಹಾಕಿದ ದುಡ್ಡು ಅದಕ್ಕೇ ಹೋಗುತ್ತದೆ. ಆ ಫೋಟೊ ಕಳಿಸಿ ಕಂಪನಿಯವರಿಂದ ಲೆಕ್ಕ ಸೊನ್ನೆ ಮಾಡಿಸಿದ ಮೇಲೆಯೇ ಮೊದಲ ಹತ್ತು ಪೌಂಡ್ ಹಾಕಿ, ಹಾಲು ಉಕ್ಕಿಸಿದರು.